ಬೀಗದ ಮುನಿಆಂಜನಪ್ಪನ ಹೊಟ್ಟೆಕಿಚ್ಚು

ವಿಜಯದಶಮಿಯ ಮರುದಿನ. ಹಲಸೂರಿನ ಹಳೇ ಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಂದು ಮನೆಯ ಜಗುಲಿಯ ಮೇಲೆ ಮಂಡಿಯೂರಿ ಕೂತ ಮನುಷ್ಯರೊಬ್ಬರು ಒಂದು ಕಣ್ಣು ಮುಚ್ಚಿಕೊಂಡು ಬಾಗಿಲ ಬೀಗದ ತೂತಿನೊಳಗೆ ಇಣುಕುತ್ತಿದ್ದಾರೆ. ಹೊಸಬರು ಯಾರಾದರೂ ಕಂಡರೆ ಕಳ್ಳ ಕಳ್ಳ ಎಂದು ಕೂಗಿಯಾರು. ಬೀದಿಯವರಿಗೆ ಆ ಭಯವಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನು "ಶುರುವಾಯ್ತಾ ಅಣ್ಣಾ?" ಎಂದು ಗಂಟೆ ಬಾರಿಸಿಕೊಂಡು ಹೋಗುತ್ತಾನೆ. ಇವರು ತಲೆಯೆತ್ತದೆ "ಹೂಂ" ಅನ್ನುತ್ತಾರೆ.

ಕೈಯಲ್ಲಿರುವುದು ಮುರಿದ ಕೊಡೆಯ ಕಡ್ಡಿ, ತುದಿ ಕೊಕ್ಕೆಯಾಗಿ ಬಗ್ಗಿದೆ. ಒಳಗೆ ಹಾಕಿ ಎಳೆದಾಗಲೆಲ್ಲ ಹಳದಿ ಕೆಂಪು ಮುದ್ದೆಯೊಂದು ಜಗುಲಿಯ ಮೇಲೆ ಉದುರುತ್ತದೆ. ಆಯುಧಪೂಜೆಯ ದಿನ ಇಲ್ಲಿನ ಹಳೇ ಮನೆಗಳಲ್ಲಿ ಕುಡುಗೋಲು, ಈಳಿಗೆಮಣೆಗಳ ಜೊತೆ ಬಾಗಿಲ ಬೀಗಕ್ಕೂ ಪೂಜೆ. ವರ್ಷವಿಡೀ ಮನೆ ಕಾಯುವುದು ಅದೇ ತಾನೇ? ಎಣ್ಣೆ ಸವರಿ, ಅರಿಶಿನ ಬಳಿದು, ಕುಂಕುಮವಿಟ್ಟು ಹೂ ಸಿಕ್ಕಿಸುತ್ತಾರೆ. ಭಕ್ತಿ ಹೆಚ್ಚಿದಷ್ಟೂ ಅರಿಶಿನ ಒಳಕ್ಕಿಳಿಯುತ್ತದೆ, ಎರಡು ದಿನಕ್ಕೆ ಎಣ್ಣೆಯೊಡನೆ ಸೇರಿ ಗಟ್ಟಿಯಾಗುತ್ತದೆ, ಆಮೇಲೆ ಬೀಗದ ಕೈ ತಿರುಗುವುದಿಲ್ಲ.

"ಬೀಗಕ್ಕೂ ಕೈ ಮುಗೀರಿ, ಬೇಡ ಅನ್ನಲ್ಲ. ತೂತಿನೊಳಗೆ ಯಾಕ್ರಮ್ಮ ತುಂಬ್ತೀರಿ ಅಂತ ಅಪ್ಪನ ಕಾಲದಿಂದ ಹೇಳ್ತಾನೇ ಇದೀವಿ" ಅನ್ನುತ್ತಾರೆ ಮುನಿಆಂಜನಪ್ಪ. ಕಡ್ಡಿ ಒರೆಸಿಕೊಳ್ಳುತ್ತ ಒಂದು ಮಾತು ಸೇರಿಸುತ್ತಾರೆ: "ಅವರು ಕೇಳಿಬಿಟ್ರೆ ನನಗೆ ಕೆಲ್ಸ ಎಲ್ಲಿರ್ತಿತ್ತು, ಅದು ಬೇರೆ ಮಾತು."

ಮುನಿಆಂಜನಪ್ಪನವರಿಗೆ ಐವತ್ತಮೂರು ವರ್ಷ. ಅಂಗಡಿಯಿಲ್ಲ, ಬೋರ್ಡಿಲ್ಲ. ಹೆಗಲಿಗೊಂದು ಖಾಕಿ ಚೀಲ, ಅದರಲ್ಲಿ ಐದು ಅರಗಳು, ಸೀಮೆಎಣ್ಣೆಯ ಸೀಸೆ, ಒಂದು ಹಿಡಿ ಕೋಳಿಗರಿ, ಒಂದು ಡಬ್ಬಿ ಪೆನ್ಸಿಲ್ ತುಂಡು. ಅರಿಶಿನ ತೆಗೆದ ಮೇಲೆ ಗರಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಳಗೆಲ್ಲ ತೊಳೆಯುತ್ತಾರೆ. ಒಣಗಿದ ಮೇಲೆ ಪೆನ್ಸಿಲ್ಲಿನ ಕಡ್ಡಿಯನ್ನು ಅರದಲ್ಲಿ ಉಜ್ಜಿ, ಆ ಕಪ್ಪು ಪುಡಿಯನ್ನು ತೂತಿಗೆ ಊದುತ್ತಾರೆ. ಎಣ್ಣೆ ಮಾತ್ರ ಒಂದು ತೊಟ್ಟೂ ಮುಟ್ಟಿಸುವುದಿಲ್ಲ. ಎಣ್ಣೆ ಬಿಟ್ಟರೆ ಮೊದಲ ವಾರ ಸುಖ, ಆಮೇಲೆ ಧೂಳು ಕೂತು ಗೋಂದು. ಇದನ್ನು ಕಲಿಸಿದವರು ತಂದೆ ವೆಂಕಟಸ್ವಾಮಿ. ಅವರು ಅರವತ್ತೆರಡನೇ ಇಸವಿಯಲ್ಲಿ ತೀರಿಕೊಂಡರು. ಆಗಿನಿಂದ ಹನ್ನೊಂದು ವರ್ಷ ಈ ಸುತ್ತು ಮಗನದೇ.

ಸುತ್ತಿನಲ್ಲಿ ಇಪ್ಪತ್ತೇಳು ಮನೆ, ಎಪ್ಪತ್ತನಾಲ್ಕು ಬೀಗ, ಹನ್ನೆರಡು ದಿನದ ಕೆಲಸ. ತಂದೆಯ ಕಾಲದಲ್ಲಿ ನಲವತ್ತು ಮನೆ ದಾಟಿತ್ತಂತೆ. ಈಗ ಹಳೇ ಮನೆ ಕೆಡವಿ ಇಂದಿರಾನಗರದ ಹೊಸ ಸೈಟಿಗೆ ಹೋದವರು ಹೋದರು, ಹೋಗದವರಲ್ಲಿ ಕೆಲವರು ಹಳೇ ಬೀಗ ಕಿತ್ತು ಅಂಗಡಿಯ ಬೀಗ ಹಾಕಿಸಿದರು. ತುಕ್ಕಿನ ಪುಡಿ ಬಿದ್ದು ಬಿದ್ದು ಎಡಗಣ್ಣು ಮಂಜಾಗಿದೆ. ಆದರೂ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರೂ ಬೀಗದ ಕೈಯ ಭಾರ ನೋಡಿ ಯಾರ ಮನೆಯದೆಂದು ಹೇಳುತ್ತಾರೆ.

ಇದೆಲ್ಲ ಹೇಳುವಷ್ಟರಲ್ಲಿ ಅವರ ಬಾಯಲ್ಲಿ ಮೂರು ಸಲ ಬಂದ ಹೆಸರೊಂದಿದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಪಕ್ಕ ಒಂದು ಹಲಗೆ ಹಾಕಿಕೊಂಡು ಕೂರುವ ಜಿಯಾವುಲ್ಲಾ. ಬೀಗದ ಕೈ ಕಳೆದುಕೊಂಡ ಬಂಗಲೆಯವರು ಕಾರು ಕಳಿಸಿ ಅವರನ್ನು ಕರೆಸಿಕೊಳ್ಳುತ್ತಾರೆ. ತಿಜೋರಿಗೆ ಕಿವಿ ಕೊಟ್ಟು ತೆಗೆಯುತ್ತಾರೆಂಬ ಖ್ಯಾತಿ. "ಅವನ ವಿಷ್ಯ ಬಿಡಿ" ಎಂದು ಶುರು ಮಾಡುವ ಮುನಿಆಂಜನಪ್ಪ ಅರ್ಧ ಗಂಟೆ ಬಿಡುವುದಿಲ್ಲ. "ಮೂರು ನಿಮಿಷಕ್ಕೆ ಕೀ ಮಾಡ್ಕೊಡ್ತಾನಂತೆ. ಮಾಡ್ಲಿ. ಜನ ಸುತ್ತ ನಿಂತ್ಕೊಂಡು ನೋಡ್ತಾರೆ, ಕೋತಿ ಆಡಿಸೋನ್ನ ನೋಡ್ದಂಗೆ. ನಾನು ಬೆಳಗಾಗೆದ್ದು ಇಲ್ಲಿ ಮಂಡಿಯೂರಿರೋದು ಯಾರಿಗ್ ಕಾಣುತ್ತೆ? ಹಿತ್ತಲ ಗಿಡ ಮದ್ದಲ್ಲ." ಹೆಂಡತಿ ಮಾರಕ್ಕನವರಿಗೆ ಈ ಹಾಡು ಬಾಯಿಪಾಠ. ಉಪ್ಪು ಹೆಚ್ಚಾದರೂ ಜಿಯಾವುಲ್ಲಾನೇ ಕಾರಣ ಅಂತಾರೆ ಎಂದು ನಗುತ್ತಾರೆ. ಹೊಟ್ಟೆಕಿಚ್ಚು ಅಲ್ಲವೇ ಎಂದು ಕೇಳಿದರೆ ಮುನಿಆಂಜನಪ್ಪ ಬಚ್ಚಿಡುವುದಿಲ್ಲ. "ಹೌದು. ಇದೆ. ಇಲ್ಲಾಂದ್ರೆ ಸುಳ್ಳು ಹೇಳ್ದಂಗಾಗುತ್ತೆ."

ಈ ವರ್ಷ ಆ ಕಿಚ್ಚಿಗೆ ತುಪ್ಪ ಬಿದ್ದದ್ದು ಸುತ್ತಿನ ಮೂರನೇ ಮನೆಯಲ್ಲಿ. ಅದು ರಾಮಲಕ್ಷ್ಮಮ್ಮನವರ ದೊಡ್ಡ ಮನೆ. ಹಿಂದೆ ಕೆರೆಯಂಚಿನಲ್ಲಿ ರಾಗಿ ಬೆಳೆಯುತ್ತಿದ್ದ ಕುಟುಂಬ, ಬೀದಿಯಲ್ಲಿ ಅವರ ಮಾತಿಗೆ ತೂಕ. ಆ ಮನೆಯಲ್ಲಿ ಯಾರು ಬೀಗ ನೋಡುತ್ತಾರೋ ಉಳಿದವರೂ ಅವರನ್ನೇ ಕರೆಯುತ್ತಾರೆ. ಅಲ್ಲಿನ ತಲೆಬಾಗಿಲಿಗೆ ಕದದ ಒಳಗೇ ಕೂರಿಸಿದ ಕಬ್ಬಿಣದ ಬೀಗ, ಗೇಣುದ್ದದ ಕೈ. ಅದನ್ನು ತೆಗೆಯಲು ಒಂದು ಗುಟ್ಟಿದೆ ಎಂದು ಮುನಿಆಂಜನಪ್ಪ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದರು: ಬೀಗದ ಕೈಯನ್ನು ಸ್ವಲ್ಪ ಮೇಲಕ್ಕೆತ್ತಬೇಕು, ಮಂಡಿಯಿಂದ ಕದವನ್ನು ಒದೆಯಬೇಕು, ಆಮೇಲೆ ತಿರುಗಿಸಬೇಕು. ಆ ಬಾಗಿಲಿನ ಗುಟ್ಟು ಗೊತ್ತಿದ್ದದ್ದು ಜಗತ್ತಿನಲ್ಲಿ ನಾಲ್ಕೇ ಜನಕ್ಕೆ.

ಅಂದು ಬೆಳಿಗ್ಗೆ ಕಿಟಕಿಯಲ್ಲಿ ಈಸಿಕೊಂಡ ಬೀಗದ ಕೈ ಹಾಕಿ ಅಭ್ಯಾಸದಂತೆ ಎತ್ತಿದರು, ಮಂಡಿ ಕೊಟ್ಟು ತಿರುಗಿಸಿದರು. ಕದ ಹೂವಿನ ಹಾಗೆ ಹಾರಿ ತೆರೆದುಕೊಂಡಿತು. ಮುನಿಆಂಜನಪ್ಪ ಚೀಲದ ಸಮೇತ ಹೊಸ್ತಿಲು ದಾಟಿ ನಡುಮನೆಯಲ್ಲಿ ಬಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಬಹುದಿತ್ತು, ರಾಮಲಕ್ಷ್ಮಮ್ಮ ಎದುರಿಗೇ ಹೂ ಕಟ್ಟುತ್ತ ಕೂತಿರದಿದ್ದರೆ.

"ಅಯ್ಯೋ, ಹೇಳೋಕ್ ಮರ್ತೆ ಕಣಪ್ಪ. ಈಗ ಒದೆಯೋದೇನೂ ಬೇಡ. ಎರಡು ಬೆರಳಲ್ಲಿ ತಿರುಗುತ್ತೆ."

"ಯಾರ್ ಕೈ ಹಾಕಿದ್ರು ದೊಡ್ಡಮ್ಮ?"

ಉತ್ತರ ಕೊಟ್ಟದ್ದು ಹೊಸ ಸೊಸೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹುಡುಗಿ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಬಂದು, ಕೈಯಲ್ಲಿ ಬೀಗದ ಕೈ ಇದ್ದೂ ಒಂದೂವರೆ ಗಂಟೆ ಜಗುಲಿಯ ಮೇಲೆ ಕೂತಿದ್ದಳು. ಗುಟ್ಟು ಅವಳಿಗೆ ಯಾರೂ ಹೇಳಿರಲಿಲ್ಲ. ಮರುದಿನವೇ ಶಿವಾಜಿನಗರಕ್ಕೆ ಬಸ್ಸು ಹತ್ತಿ ಜಿಯಾವುಲ್ಲಾ ಅವರನ್ನು ಕರೆತಂದಳು. "ಅವರು ಬೀಗ ಬಿಚ್ಚಿ ನೋಡಿ ಹಂಗೇ ಮುಚ್ಚಿದ್ರು. ಬಾಗ್ಲನ್ನ ಎತ್ತಿ ಕೆಳಗೇನೋ ಇಟ್ರು, ಅಷ್ಟೇ. ಹತ್ತು ನಿಮಿಷ" ಎಂದಳು.

ರಾಮಲಕ್ಷ್ಮಮ್ಮ ಹೂವಿನಿಂದ ಕಣ್ಣೆತ್ತದೆ ಹೇಳಿದರು: "ಇನ್ಮೇಲೆ ಸಾಬ್ರನ್ನೇ ಕರ್ಸೋಣ ಅಂತಾಳೆ ಇವಳು. ನಾನಿನ್ನೂ ಏನೂ ಹೇಳಿಲ್ಲ."

ಮುನಿಆಂಜನಪ್ಪ ಕದದ ಬುಡ ನೋಡಿದರು. ಹಳೇ ಬಾಗಿಲುಗಳಿಗೆ ಕೀಲುಪಟ್ಟಿ ಇರುವುದಿಲ್ಲ. ಕದದ ಅಡಿಯಲ್ಲಿ ಒಂದು ಗೂಟ, ಅದು ಹೊಸ್ತಿಲಿನ ಕುಳಿಯಲ್ಲಿ ಕೂತು ತಿರುಗುತ್ತದೆ. ವರ್ಷಗಳು ಕಳೆದಂತೆ ಕುಳಿ ಸವೆದು ಕದ ಕೆಳಗಿಳಿಯುತ್ತದೆ, ಬೀಗದ ನಾಲಿಗೆ ಚೌಕಟ್ಟಿನ ತೂತಿಗೆ ಸರಿಯಾಗಿ ಹೋಗದೆ ಉಜ್ಜುತ್ತದೆ. ಜಿಯಾವುಲ್ಲಾ ಕುಳಿಯೊಳಗೆ ಒಂದು ಹಿತ್ತಾಳೆ ಬಿಲ್ಲೆ ಇಟ್ಟಿದ್ದರು. ಹನ್ನೊಂದು ವರ್ಷ ತಾನೇನು ಮಾಡಿದ್ದೆ? ವರ್ಷವರ್ಷವೂ ನಾಲಿಗೆಯನ್ನೇ ಅರದಲ್ಲಿ ಉಜ್ಜಿ ಸಣ್ಣ ಮಾಡಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಗುಟ್ಟು ಎಂದು ಮೆರೆಸಿದ್ದು ಗುಟ್ಟೇ ಅಲ್ಲ, ಕಾಯಿಲೆ. ಇದು ತಿಳಿದ ಕೂಡಲೇ ನಾಚಿಕೆಯಾಯಿತೆಂದು ಅವರು ಹೇಳುವುದಿಲ್ಲ. "ಹೊಟ್ಟೆ ಉರೀತು. ನಾಚ್ಕೆ ಆಮೇಲೆ ಬಂತು."

ಮಧ್ಯಾಹ್ನವೇ ಮಾರುಕಟ್ಟೆಗೆ ಹೊರಟರು. ನನ್ನ ಮನೆಗೆ ನೀನ್ಯಾಕೆ ಕಾಲಿಟ್ಟೆ ಎಂದು ಕೇಳುವುದೆಂದು ದಾರಿಯುದ್ದಕ್ಕೂ ಬಾಯಲ್ಲೇ ಜಗಳ ಆಡಿಕೊಂಡು ಹೋದರು. ಹಲಗೆಯ ಸುತ್ತ ಹತ್ತು ಹದಿನೈದು ಜನ. ತನ್ನನ್ನು ಕಾಯಿಸಿದ್ದರೆ ಜಗಳಕ್ಕೊಂದು ನೆಪವಾದರೂ ಸಿಗುತ್ತಿತ್ತು. ಜಿಯಾವುಲ್ಲಾ ಕಂಡ ತಕ್ಷಣ ಗಿರಾಕಿಗಳನ್ನು ಬಿಟ್ಟು ಎದ್ದರು. "ಆವೋ ಭಾಯ್, ಹಲಸೂರು ಬೀಗದ್ ಅಂಜನಪ್ಪ ಅಲ್ವಾ? ಕೂತ್ಕೊ" ಎಂದು ಸ್ಟೂಲು ಒರೆಸಿದರು, ಚಹಾಕ್ಕೆ ಹೇಳಿದರು. ತನ್ನ ಹೆಸರು ಈ ಮನುಷ್ಯನಿಗೆ ಗೊತ್ತೆನ್ನುವುದೇ ಮುನಿಆಂಜನಪ್ಪನವರಿಗೆ ಹೊಸ ಉರಿ. ಅವನ ಹೆಸರು ಎಲ್ಲರಿಗೂ ಗೊತ್ತಿರುವಾಗ ನನ್ನದು ಅವನಿಗೆ ಯಾಕೆ ಗೊತ್ತಿರಬೇಕು?

"ಆ ದೊಡ್ಡ ಮನೆ ಬೀಗ ಬಿಚ್ಚಿದ್ದೆ ಭಾಯ್" ಎಂದರು ಜಿಯಾವುಲ್ಲಾ. "ಒಳಗೆ ಒಂದು ಸ್ಪ್ರಿಂಗ್ ಐತೆ. ಹಳೇ ಗಡಿಯಾರದ್ದು ಕಟ್ ಮಾಡಿ, ಕಾಯ್ಸಿ, ಬಗ್ಗಿಸಿ ಕೂರ್ಸಿದಾರೆ. ಏನ್ ಕೈ ಅದು! ಮೂವತ್ತು ವರ್ಷ ಆಯ್ತು ನಾನು ಈ ಕೆಲ್ಸ ಮಾಡಿ, ನಂಗೆ ಬರಲ್ಲ ಅದು. ನಿಮ್ ವಾಲಿದ್ ಮಾಡಿದ್ದಾ?"

ಆ ಸ್ಪ್ರಿಂಗು ತಂದೆ ವೆಂಕಟಸ್ವಾಮಿಯವರದಲ್ಲ. ಅವರು ಸತ್ತ ಎರಡು ವರ್ಷಕ್ಕೆ ಹಳೆಯದು ಮುರಿದಾಗ ಮುನಿಆಂಜನಪ್ಪನವರೇ ಆರು ದಿನ ಕೂತು ಮಾಡಿದ್ದು. ನನ್ನದು ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಜಿಯಾವುಲ್ಲಾ ತಲೆಯಾಡಿಸಿ ಮುಂದುವರಿಸಿದರು: "ಆದ್ರೆ ಆಮೇಲೆ ಯಾವನೋ ದಡ್ಡ ಆ ಬೀಗದ್ ನಾಲ್ಗೆ ಎಲ್ಲಾ ಉಜ್ಜಿ ಹಾಳ್ ಮಾಡವ್ನೆ. ಉಸ್ತಾದ್ ಮಾಡಿದ್ ಬೀಗಕ್ಕೆ ಹಂಗ್ ಮಾಡ್ತಾರಾ ಯಾರಾದ್ರೂ?"

ಮುನಿಆಂಜನಪ್ಪ ಬಾಯಿ ಮುಚ್ಚಿದರು. ಸ್ಪ್ರಿಂಗು ತನ್ನದೆಂದರೆ ಅರ ಹಾಕಿದ್ದೂ ತಾನೇ ಎಂದಾಗುತ್ತದೆ. ಹನ್ನೊಂದು ವರ್ಷ ಯಾರ ಹೊಗಳಿಕೆಗೆ ಬಾಯಿ ಬಿಟ್ಟುಕೊಂಡಿದ್ದರೋ ಅವನೇ ಹೊಗಳುತ್ತಿದ್ದಾನೆ, ಹೊಗಳಿಕೆ ಸತ್ತ ಅಪ್ಪನ ಪಾಲಾಗುತ್ತಿದೆ. ಅಂದು ಅವರಿಗೆ ಅಪ್ಪನ ಮೇಲೂ ಹೊಟ್ಟೆಕಿಚ್ಚಾಯಿತು. ಚಹಾ ಕುಡಿದು "ಬರ್ತೀನಿ ಸಾಬ್ರೇ" ಎಂದಷ್ಟೇ ಹೇಳಿ ಎದ್ದು ಬಂದರು.

"ಹೇಳ್ಬಾರ್ದಿತ್ತಾ?" ಎಂದು ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಮಾರಕ್ಕ ಕೇಳಿದರು.

"ಆ ದಡ್ಡ ನಾನೇ ಅಂತ ಹೇಳ್ಲಾ?"

"ಅಲ್ಲಿ ಹೇಳ್ದಿದ್ರೆ ಹೋಗ್ಲಿ. ಹನ್ನೊಂದು ವರ್ಷ ಬಾಗ್ಲು ಒದ್ದೋರಿಗೆ ಹೇಳಿ."

ಎರಡು ದಿನ ಮುನಿಆಂಜನಪ್ಪ ಸುತ್ತಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದರು. ಹೇಳಿದರೆ ದೊಡ್ಡ ಮನೆ ಹೋಗುತ್ತದೆ, ದೊಡ್ಡ ಮನೆಯ ಹಿಂದೆ ಬೀದಿ ಹೋಗುತ್ತದೆ, ಎಲ್ಲವೂ ಆ ಹಲಗೆಗೇ ಹೋಗಿ ಬೀಳುತ್ತದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಮೂರನೇ ದಿನ ಬೆಳಿಗ್ಗೆ ಬೇರೊಂದು ಮನೆಯಲ್ಲಿ, ಎಂಟು ತಿಂಗಳ ಬಸುರಿ ಹೆಂಗಸೊಬ್ಬಳು ಹಿಂದೆ ಆ ಮನೆಗೂ ತಾನೇ ಹೇಳಿಕೊಟ್ಟಿದ್ದ ಹಾಗೆ ಬೀಗದ ಕೈಯೆತ್ತಿ ಬಾಗಿಲಿಗೆ ಮಂಡಿ ಕೊಡುವುದನ್ನು ಕಂಡರು. "ಬಿಡಮ್ಮಾ, ಬಿಡು!" ಎಂದು ಓಡಿದರು. ಅಲ್ಲೇ ಚೀಲವಿಟ್ಟು ನೇರ ದೊಡ್ಡ ಮನೆಗೆ ಹೋದರು.

"ದೊಡ್ಡಮ್ಮ, ಬೀಗದಲ್ಲಿ ತಪ್ಪಿರಲಿಲ್ಲ. ಬಾಗ್ಲು ಇಳಿದಿತ್ತು. ನನಗೆ ಗೊತ್ತಾಗ್ಲಿಲ್ಲ. ಗುಟ್ಟು ಗಿಟ್ಟು ಏನೂ ಇಲ್ಲ. ಸಾಬ್ರು ಮಾಡಿದ್ದೇ ಸರಿ."

ರಾಮಲಕ್ಷ್ಮಮ್ಮ ಮಂಡಿ ನೀವಿಕೊಂಡರು. "ನನ್ನ ಮಂಡಿನೋವು ಈಗ ಅರ್ಥ ಆಯ್ತು ಬಿಡು" ಎಂದರು. ಆಮೇಲೆ ಹೇಳಿದ ಮಾತು ಮುನಿಆಂಜನಪ್ಪನವರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. "ಸಾಬ್ರು ಆವತ್ತೇ ಹೇಳ್ಬಿಟ್ಟು ಹೋದ್ರು, ಈ ಬೀಗದೊಳಗೆ ನಾನು ಕೈ ಹಾಕಲ್ಲ, ಮಾಡಿದೋರ ಮನೆಯವರನ್ನೇ ಕರೀರಿ ಅಂತ. ನೀನಾಗಿ ಬಾಯಿ ಬಿಡ್ತೀಯೇನೋ ಅಂತ ನಾನು ಸುಮ್ನಿದ್ದೆ. ಹೋಗು, ಆ ಅರಿಶಿನ ತೆಗಿ."

ಮನೆ ಉಳಿಯಿತು. ಅವನ ಕೃಪೆಯಿಂದ ಉಳಿಯಿತಲ್ಲ ಎಂಬ ಉರಿಯೂ ಉಳಿಯಿತು.

ಈಗ ಮುನಿಆಂಜನಪ್ಪ ಯಾವ ಮನೆಗೆ ಹೋದರೂ ಬೀಗ ಮುಟ್ಟುವ ಮೊದಲು ಕದದ ಕೆಳಗೆ ಸಲಾಕೆ ಹಾಕಿ ಎತ್ತಿ ನೋಡುತ್ತಾರೆ. ಐದು ಮನೆಗಳಲ್ಲಿ ಅದೇ ಕಾಯಿಲೆ ಸಿಕ್ಕಿದೆ. ಐದಕ್ಕೂ ಹಿತ್ತಾಳೆ ಬಿಲ್ಲೆ ಇಟ್ಟಿದ್ದಾರೆ, ಬಸುರಿಯ ಮನೆಗೆ ಎಲ್ಲಕ್ಕಿಂತ ಮೊದಲು. ಇದು ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆಲ್ಲ ಹೆಸರು ಹೇಳುತ್ತಾರೆ, ಕಹಿ ಔಷಧಿ ನುಂಗುವವರಂತೆ ಬೇಗ ಹೇಳಿ ಮುಗಿಸುತ್ತಾರೆ. ಸುತ್ತಿನ ಕೊನೆಯ ಮನೆಯ ಜಗುಲಿಯಲ್ಲಿ ಗರಿ ತೊಳೆದು ಚೀಲಕ್ಕಿಡುತ್ತ, ಇನ್ನೇನು ಬೇಕು ನಿಮಗೆ ಎಂಬ ಪ್ರಶ್ನೆಗೆ ಅವರು ಹೆಚ್ಚು ಯೋಚಿಸುವುದಿಲ್ಲ.

"ಕಾರು ಬೇಡ, ಬೋರ್ಡು ಬೇಡ. ಆ ಜಿಯಾವುಲ್ಲಾ ಒಂದ್ಸಲ, ಒಂದೇ ಸಲ, ತನಗೆ ತಿಳೀದಿರೋ ಬೀಗ ಹಿಡ್ಕೊಂಡು ನಮ್ಮನೆ ಬಾಗ್ಲಿಗೆ ಬರ್ಬೇಕು. ಸ್ಪ್ರಿಂಗ್ ಹೆಂಗ್ ಮಾಡೋದು ಅಂತ ಎಲ್ಲಾ ಹೇಳ್ಕೊಡ್ತೀನಿ, ಮಾರಕ್ಕನ ಕೈಲಿ ಕಾಫೀನೂ ಮಾಡಿಸ್ತೀನಿ." ಚೀಲದ ದಾರ ಬಿಗಿದು ಹೆಗಲಿಗೇರಿಸಿಕೊಳ್ಳುತ್ತಾರೆ. "ಆದ್ರೆ ಮೊದ್ಲು ಒಂದು ಅರ್ಧ ಗಂಟೆ ಜಗ್ಲಿ ಮೇಲೆ ಕಾಯಿಸ್ತೀನಿ."