ಬನಹಟ್ಟಿ ಕೋರ್ಟಿನಲ್ಲಿ ಸಾತವ್ವ ನೆರಳು ಅಳೆದದ್ದು

ಹಿಪ್ಪರಗಿಯ ಸಾತವ್ವನಿಗೆ ಗಡಿಯಾರ ನೋಡಲು ಬರುವುದಿಲ್ಲ. ಆದರೂ ಕಬ್ಬಿನ ಹೊಲದಲ್ಲಿ ಕಸ ತೆಗೆಯುವ ಅವಳ ಗುಂಪಿನ ಹತ್ತು ಹೆಂಗಸರು ಬುತ್ತಿ ಬಿಚ್ಚುವುದು, ಮನೆಗೆ ಹೊರಡುವುದು ಅವಳು ಹೇಳಿದಾಗಲೇ. ಹಗಲಲ್ಲಿ ತನ್ನ ನೆರಳನ್ನು ಪಾದದಿಂದ ಅಳೆಯುತ್ತಾಳೆ. ಸಂಜೆ ನೆರಳು ತೀರ ಉದ್ದವಾದಾಗ ಕೈ ಚಾಚಿ, ಸೂರ್ಯನಿಗೂ ನೆಲದಂಚಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತವೆಂದು ನೋಡುತ್ತಾಳೆ. ಒಂದು ಬೆರಳೆಂದರೆ ಸುಮಾರು ಹತ್ತು ನಿಮಿಷ. ಅವ್ವನಿಂದ ಕಲಿತದ್ದು.

ಎರಡು ವರ್ಷದ ಹಿಂದೆ, ಕಬ್ಬು ಸಾಗಿಸುವ ದಿನಗಳಲ್ಲಿ, ಹಾಗೆ ಬೆರಳಿಟ್ಟು ನೋಡಿ "ನಡೀರಿ, ಸಾಕು" ಎಂದು ರಸ್ತೆಗೆ ಬಂದಿದ್ದಳು. ಅವಳ ಕಣ್ಣೆದುರೇ ಕಬ್ಬಿನ ಟ್ರ್ಯಾಕ್ಟರೊಂದು ಹಿಂದೆಮುಂದೆ ನೋಡದೆ ತಿರುಗಿ, ಬೈಕಿನಲ್ಲಿ ಬರುತ್ತಿದ್ದ ಅದೇ ಊರಿನ ದುರಗೇಶನನ್ನು ಕೆಡವಿತು. ಅವನ ತೊಡೆ ಎಲುಬು ಮುರಿಯಿತು. ಆಗಲೇ ಕತ್ತಲಾಗಿತ್ತು, ಬೈಕಿಗೆ ಲೈಟಿರಲಿಲ್ಲ ಎಂದು ಟ್ರ್ಯಾಕ್ಟರಿನ ಡ್ರೈವರ್ ದಶರಥ ಹೇಳಿಕೆ ಕೊಟ್ಟ. ಟ್ರ್ಯಾಕ್ಟರಿನ ಮಾಲೀಕರ ಹೊಲದಲ್ಲೇ ಈ ಹೆಂಗಸರಿಗೆ ಕೆಲಸ; ಸಾಕ್ಷಿಗೆ ಯಾರೂ ಒಪ್ಪಲಿಲ್ಲ. ಸಾತವ್ವ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಐದನೆಯ ದಿನ ದುರಗೇಶನ ಮನೆಗೆ ಹೋಗಿ, ತಾನು ಬರುತ್ತೇನೆಂದು ಹೇಳಿ ಬಂದಳು.

ಕೇಸು ವಿಚಾರಣೆಗೆ ಬಂದದ್ದು ಈ ಮಾರ್ಚಿನಲ್ಲಿ. ಅಪಘಾತವಾದಾಗ ಹೊತ್ತೆಷ್ಟು ಎಂದು ದುರಗೇಶನ ಕಡೆಯ ವಕೀಲರು ಕೇಳಿದರು.

"ಹೊತ್ತು ಮುಳುಗಾಕ ಇನ್ನೂ ನಾಕು ಬೆರಳಿತ್ರಿ. ಛಲೋ ಬೆಳಕಿತ್ರಿ."

ಬೆರಳಿನ ಲೆಕ್ಕವನ್ನು ನಂಬುವುದು ಹೇಗೆ, ಹಾಗಾದರೆ ಈಗ ಗಂಟೆ ಎಷ್ಟು ಹೇಳಲಿ ಎಂದರು ದಶರಥನ ಪರ ವಕೀಲರು. ಒಳಗೆ ಬಿಸಿಲಿಲ್ಲ, ಹೊರಗೆ ಹೋಗಿ ನೋಡಿ ಬರುತ್ತೇನೆ ಎಂದಳು. ನ್ಯಾಯಾಧೀಶರು ಒಬ್ಬ ಸಿಪಾಯಿಯನ್ನು ಜೊತೆಗೆ ಕೊಟ್ಟು ಕಳಿಸಿದರು. ಸಾತವ್ವ ಅಂಗಳದಲ್ಲಿ ಚಪ್ಪಲಿ ಬಿಟ್ಟು ನೆಟ್ಟಗೆ ನಿಂತಳು. ನೆರಳಿನ ತಲೆ ಬಿದ್ದಲ್ಲಿ ಸಿಪಾಯಿಯಿಂದ ಒಂದು ಹರಳುಕಲ್ಲು ಇಡಿಸಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ಅಲ್ಲಿಯವರೆಗೆ ನಡೆದಳು. ತಪ್ಪಬಾರದೆಂದು ಎರಡು ಸಲ ಅಳೆದು ಒಳಗೆ ಬಂದಳು.

"ಏಳು ಪಾದ ಐತ್ರಿ. ಈ ತಿಂಗಳದಾಗ ಏಳು ಪಾದಕ್ಕ ನಮ್ಮೂರಿಗೆ ಮೂರೂವರಿ ಬಸ್ಸು ಬರತೈತ್ರಿ."

ಗೋಡೆಯ ಗಡಿಯಾರದಲ್ಲಿ ಮೂರು ನಲವತ್ತು. ಹತ್ತು ನಿಮಿಷ ತಪ್ಪಿದೆ ಎಂದರು ದಶರಥನ ವಕೀಲರು. ಹತ್ತು ನಿಮಿಷ ಆಚೀಚೆಯಾದರೂ ಅಂದು ಹಗಲೇ ಇತ್ತಲ್ಲ ಎಂದು ನ್ಯಾಯಾಧೀಶರು ಬರೆಸಿಕೊಂಡರು.

ಮಳೆಗಾಲದಲ್ಲಿ ತೀರ್ಪು ಬಂತು. ತಪ್ಪು ದಶರಥನದೇ ಎಂದಾಯಿತು. ಆ ಮಾಲೀಕರು ಸಾತವ್ವನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅವಳು ಹೊಳೆಯ ಬ್ಯಾರೇಜು ದಾಟಿ ಆಚೆ ದಂಡೆಯ ಹೊಲಗಳಿಗೆ ಹೋಗತೊಡಗಿದಳು. ಮೊದಲ ವಾರ ಜೊತೆಗೆ ಬಂದವರು ಮೂವರು. ಈಗ ಎಂಟು ಮಂದಿ ಬರುತ್ತಾರೆ. ಹಳೆಯ ಹೊಲದಲ್ಲೇ ಉಳಿದ ಇಬ್ಬರ ಮೇಲೆ ಸಾತವ್ವನಿಗೆ ಸಿಟ್ಟಿಲ್ಲ. ಅವರ ಮನೆಯ ಕಷ್ಟ ಅವಳಿಗೆ ಗೊತ್ತು.