ಹಯಾತಭಾಯಿ ಆರಿಸಿದ ಟ್ಯೂಬು

ಸವಣೂರಿನ ಬಸ್‌ಸ್ಟ್ಯಾಂಡಿನ ಎದುರು ಮೂವತ್ತೊಂದು ವರ್ಷ ಪಂಚರ್ ತಿದ್ದಿದವರು ಹಯಾತಭಾಯಿ. ಸೈಕಲ್ಲಿನದಿರಲಿ, ಟ್ರ್ಯಾಕ್ಟರಿನದಿರಲಿ, ಟ್ಯೂಬು ಕೈಗೆ ಬಂದರೆ ಮೊದಲು ಕೆನ್ನೆಯ ಹತ್ತಿರ ಹಿಡಿಯುತ್ತಿದ್ದರು. ಕಿವಿಗೆ ಕೇಳದ ಗಾಳಿ ಕೆನ್ನೆಗೆ ತಾಗುತ್ತದೆ ಎನ್ನುತ್ತಿದ್ದರು. ಆಮೇಲೆ ಟ್ಯೂಬಿಲ್ಲದ ಟೈರುಗಳು ಬಂದವು. ಬೈಕಿನವರು ರಸ್ತೆಯಲ್ಲೇ ನಿಂತು ತೂತಿಗೆ ತಾವೇ ರಬ್ಬರಿನ ಬತ್ತಿ ತುರುಕಿಕೊಂಡು ಹೊರಡತೊಡಗಿದರು. ಒಂದು ಸೈಕಲ್ಲಾದರೂ ಬರಲಿ ಎಂದು ಹಯಾತಭಾಯಿ ಇಡೀ ದಿನ ಕಾಯುವ ಕಾಲ ಬಂತು.

ಆಗ ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿಯ ಮಗ ಪ್ರಶಾಂತ ಅವರನ್ನು ಹುಡುಕಿಕೊಂಡು ಬಂದ. ತಿಳವಳ್ಳಿ ಕಡೆಯ ಒಂದು ಕೆರೆಯಲ್ಲಿ ಅವನು ಸಣ್ಣ ಮೋಟಾರು ದೋಣಿ ಇಳಿಸಿದ್ದ. ಗಾಳಿ ತುಂಬಿದ ದೊಡ್ಡ ಟ್ಯೂಬಿನ ಮೇಲೆ ಜನರನ್ನು ಕೂರಿಸಿ, ದೋಣಿಗೆ ಹಗ್ಗ ಕಟ್ಟಿ ನೀರಿನ ಮೇಲೆ ಎಳೆಯುವ ಆಟ ಶುರುಮಾಡುವವನಿದ್ದ.

"ಚಾಚಾ, ಕಾರವಾರಕ್ಕ ಹೋಗಿ ಟ್ಯೂಬ್ ಆರಿಸ್ಕೊಂಡ್ ಬರೂಣು ಬರ್ರಿ. ಆಮ್ಯಾಲ ಅವನ್ನ ನೋಡ್ಕೊಳ್ಳೂ ಕೆಲಸಾನೂ ನಿಮ್ದ."

ಹೆಂಡತಿ ಅಖ್ತರುನ್ನೀಸಾ ಹಬ್ಬದ ಅಂಗಿಯನ್ನು ಇಸ್ತ್ರಿ ಮಾಡಿ ಕೊಟ್ಟಳು.

ಕಾರವಾರದ ಅಂಗಡಿಯಲ್ಲಿ ಆರು ಜನ ಕೂರುವ ಬಾಳೆಹಣ್ಣಿನ ಆಕಾರದ ಟ್ಯೂಬೊಂದನ್ನು ತೂಗುಹಾಕಿದ್ದರು. ಪ್ರಶಾಂತನ ಕಣ್ಣು ಅದರ ಮೇಲೇ ಇತ್ತು.

"ನಿಮ್ಮ ಮೋಟಾರ್ ಎಷ್ಟ್ ಎಚ್‌ಪಿದು?" ಎಂದು ಕೇಳಿದರು ಹಯಾತಭಾಯಿ.

"ಹದಿನೈದು."

"ಹಂಗಾರ ಅದು ಬ್ಯಾಡ. ಆರು ಮಂದಿ ಕುಂತ್ರ ದೋಣಿ ನಿಂತಲ್ಲೇ ಗುಂಯ್ ಅಂತೈತಿ, ಎಳ್ಯೂದಿಲ್ಲ. ಒಬ್ರು ಮಕ್ಕೊಂಡ್ ಹೋಗೂ ದುಂಡಂದು ಎರಡು ತಗೊಳ್ರಿ."

ಅವರು ಒಂದೊಂದನ್ನೂ ತಿರುವಿ ನೋಡಿದರು. ಹಿಡಿಕೆಯ ಹೊಲಿಗೆ ಜಗ್ಗಿದರು, ಬೆರಳು ತರಚದಂತೆ ಒಳಗೆ ಮೆತ್ತೆ ಇದೆಯೇ ಎಂದು ಮುಟ್ಟಿದರು. ಅಂಗಡಿಯವನೇ ತಲೆದೂಗಿ, ಕೊನೆಗೆ ತೇಪೆ ಹಚ್ಚುವ ಸಾಮಾನಿನ ಪೊಟ್ಟಣ ಮುಂದಿಟ್ಟ.

"ಪಂಚರ್ ಸಾಮಾನ ನನಗ ಕೊಡ್ತೀಯೇನಪಾ?" ಎಂದು ನಕ್ಕು ಹಯಾತಭಾಯಿ ಅದನ್ನು ವಾಪಸ್ ತಳ್ಳಿದರು.

ಮೊದಲ ಭಾನುವಾರ ಹಾನಗಲ್ಲಿನಿಂದ ಜನ ಬಂದರು. ದೋಣಿ ಸಲೀಸಾಗಿ ಎಳೆಯಿತು. ಜಯಾ ಎಂಬ ಶಿಕ್ಷಕಿ ಕಿರುಚುತ್ತ ಹೋಗಿ, ತೊಯ್ದು ತೊಪ್ಪೆಯಾಗಿ ದಡಕ್ಕೆ ಬಂದು, "ಇನ್ನೊಂದ್ ಸಲ ಎಳೀರಿ!" ಎಂದಳು. ಹಯಾತಭಾಯಿ ಆ ದಿನ ಊಟ ಮಾಡುವುದನ್ನೂ ಮರೆತರು.

ಐದನೆಯ ಭಾನುವಾರದ ಹೊತ್ತಿಗೆ ಕೆರೆ ಇಳಿದಿತ್ತು. ನೀರೊಳಗಿನ ಜಾಲಿಯ ಮೋಟು ಒಂದು ಟ್ಯೂಬನ್ನು ಅಂಗೈ ಅಗಲ ಸೀಳಿತು. ಮೇಲಿದ್ದವನು ಈಜಿ ಬಂದ, ಏನೂ ಆಗಲಿಲ್ಲ. ಹಯಾತಭಾಯಿ ಮೇಲಿನ ಬಟ್ಟೆಯ ಹೊದಿಕೆ ಬಿಚ್ಚಿ, ಒಳಗಿನದನ್ನು ಉಜ್ಜಿ, ಸೊಲ್ಯೂಷನ್ ಹಚ್ಚಿ ರಬ್ಬರಿನ ತೇಪೆ ಒತ್ತಿದರು. ಗಾಳಿ ತುಂಬಿದೊಡನೆ ಅದು ಸಿಪ್ಪೆಯಂತೆ ಎದ್ದಿತು. ಮತ್ತೆ ಹಚ್ಚಿದರು, ಮತ್ತೆ ಎದ್ದಿತು. ಕೊನೆಗೆ ಟ್ರ್ಯಾಕ್ಟರ್ ಟ್ಯೂಬಿಗೆ ಮಾಡುವಂತೆ ಕಾಯಿಸಿದ ಕಬ್ಬಿಣದಿಂದ ಒತ್ತಿದರು. ಘಾಟು ಹೊಗೆ ಬಂತು. ಕಬ್ಬಿಣ ಎತ್ತಿದಾಗ ಅಂಗೈ ಅಗಲದ ಸೀಳು ತಟ್ಟೆಯಷ್ಟು ಅಗಲದ ತೂತಾಗಿ, ಅಂಚು ಕರಗಿ ಜೋತುಬಿದ್ದಿತ್ತು. ಅದು ರಬ್ಬರೇ ಅಲ್ಲ, ಪ್ಲಾಸ್ಟಿಕ್ಕು; ಅದಕ್ಕೆ ಹಿಡಿಯುವ ಅಂಟು ಕಾರವಾರದಲ್ಲಿ ಅವರು ವಾಪಸ್ ತಳ್ಳಿದ ಪೊಟ್ಟಣದಲ್ಲಿತ್ತು.

ಪ್ರಶಾಂತ ಬೈಯಲಿಲ್ಲ. "ಇರ್ಲಿ ಬಿಡ್ರಿ ಚಾಚಾ, ವಯಸ್ಸಾತು ನಿಮಗ" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ತಿಂಗಳು ಅವನು ದೋಣಿಯನ್ನೂ ಉಳಿದ ಟ್ಯೂಬನ್ನೂ ದಾಂಡೇಲಿ ಕಡೆಗೆ ಸಾಗಿಸಿದ. ಹದಿನೈದು ದಿನ ಕಾದು ಹಯಾತಭಾಯಿ ಫೋನ್ ಮಾಡಿದರು.

"ನಾ ಯಾವಾಗ ಬರ್ಲಿ?"

"ಇಲ್ಲಿ ಮಂದಿ ಅದಾರ್ರಿ ಚಾಚಾ. ನೀವು ಆರಾಮ ಇರ್ರಿ."

ಅಖ್ತರುನ್ನೀಸಾ ಸಮಾಧಾನ ಹೇಳಲು ಬಂದಳು. "ಒಂದು ಟ್ಯೂಬ್ ಕೆಟ್ಟಿದ್ದಕ್ಕ ಇಷ್ಟ್ಯಾಕ ಸಂಕಟ ಮಾಡ್ಕೋತೀರಿ?"

"ಅದೊಂದ ಕೆಲಸ ನನಗ ಬರ್ತಿತ್ತು" ಎಂದರು ಹಯಾತಭಾಯಿ.

ಬಸ್‌ಸ್ಟ್ಯಾಂಡಿನ ಎದುರು ಅವರು ಬಿಟ್ಟುಕೊಟ್ಟ ಜಾಗದಲ್ಲಿ ಈಗ ಬಿಲಾಲ ಎಂಬುವವನು ಮೊಬೈಲ್ ಕವರು ಮಾರುತ್ತಾನೆ. ಹಯಾತಭಾಯಿ ಮಧ್ಯಾಹ್ನದ ನಮಾಜು ಮುಗಿಸಿ ಆ ದಾರಿಯಲ್ಲೇ ಬರುತ್ತಾರೆ. ಬಿಲಾಲ ಸ್ಟೂಲು ಸರಿಸಿ, "ಕುಂದರ್ರಿ ಚಾಚಾ" ಎನ್ನುತ್ತಾನೆ. ಅವರು ಕೂರುವುದಿಲ್ಲ.