ಗೊತ್ತಿರಲಿಲ್ಲ ಎಂದ ಮೇಷ್ಟ್ರು

ವಿಜಯನಗರದ ಒಂದು ಕಾಲೇಜಿನಲ್ಲಿ ನಾನು ಅಂತಾರಾಷ್ಟ್ರೀಯ ಕಾನೂನು ಕಲಿಸುತ್ತೇನೆ. ತನ್ನ ನೆಲದಲ್ಲಿ ಭಯೋತ್ಪಾದಕರನ್ನು ಇಟ್ಟುಕೊಂಡ ದೇಶ ಗೊತ್ತಿರಲಿಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ, ತಿಳಿದುಕೊಳ್ಳುವುದೂ ಅದರ ಹೊಣೆ ಎಂದು ಪ್ರತಿ ವರ್ಷ ಮೇಜು ಗುದ್ದಿ ಹೇಳುತ್ತೇನೆ. ಗುದ್ದಲು ಕಾರಣವೂ ಇದೆ. ನನ್ನ ಭಾವ ಸತ್ತದ್ದು ಬಾಂಬ್ ಸ್ಫೋಟದಲ್ಲಿ. ಅದನ್ನು ಮಾಡಿಸಿದವನು ಪರದೇಶದಲ್ಲಿ ಹಾಯಾಗಿದ್ದಾನೆ. ಅಲ್ಲಿನ ಸರ್ಕಾರ ಮೊದಲು ಅವನು ಇಲ್ಲಿಲ್ಲ ಎಂದಿತು, ಆಮೇಲೆ ಇರುವುದು ಗೊತ್ತಿರಲಿಲ್ಲ ಎಂದಿತು.

ಭಾವ ಹೋದಂದಿನಿಂದ ಅಕ್ಕ ಚಂದ್ರಾ ಲೇಔಟಿನ ನಮ್ಮ ಮನೆಯಲ್ಲೇ ಇದ್ದಾಳೆ. ಟಿವಿಯಲ್ಲಿ ಆ ದೇಶದ ಮಂತ್ರಿ ಕಂಡರೆ ಸಾಕು, "ಇವರನ್ನ ಕೇಳೋರು ಯಾರೂ ಇಲ್ವೇನೋ?" ಎನ್ನುತ್ತಿದ್ದಳು. ನಾನು ಒಪ್ಪಂದ, ನಿರ್ಣಯ ಎಂದು ಅವಳಿಗೂ ಪಾಠ ಬಿಗಿಯುತ್ತಿದ್ದೆ.

ಕಳೆದ ವರ್ಷ ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟೆ. ನೋಡಲು ಬಂದ ಯುವಕನನ್ನು ನಮ್ಮ ಬೀದಿಯ ಮಾಲೀಕರೆಲ್ಲ ಕೇಳುವುದನ್ನೇ ಕೇಳಿದೆ: ಮಾಂಸ ಬೇಯಿಸುತ್ತೀರಾ?

"ಮೊಟ್ಟೇನೂ ತಿನ್ನಲ್ಲ ಅಂಕಲ್," ಎಂದ.

ನನಗೆ ಅಷ್ಟು ಸಾಕಾಯಿತು. ಬೇಳೆಸಾರು ಉಣ್ಣುವವನು ಸಭ್ಯಸ್ಥ ಎಂದು ನಂಬಲು ನನ್ನ ಎರಡು ಡಿಗ್ರಿಗಳೂ ಅಡ್ಡ ಬರಲಿಲ್ಲ. ಪೊಲೀಸ್ ಠಾಣೆಗೆ ಕೊಡಬೇಕಾದ ಬಾಡಿಗೆದಾರರ ಫಾರಂ ಫ್ರಿಜ್ ಮೇಲೆಯೇ ಉಳಿಯಿತು.

ಎರಡು ತಿಂಗಳಿಗೆ ಅವನ ಜೊತೆ ಇನ್ನೊಬ್ಬ ಬಂದು ಸೇರಿಕೊಂಡ. ಕಸಿನ್ ಅಂತೆ. ಬಟ್ಟೆ ಒಣಹಾಕಲು ಅಕ್ಕ ಮೇಲೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದ.

"ಅವನ್ಯಾರೋ ಸರಿ ಇಲ್ಲ ಕಣೋ. ಹಗಲೆಲ್ಲ ಕಿಟಕಿ ಮುಚ್ಕೊಂಡಿರ್ತಾನೆ. ಆ ಫಾರಂ ಕೊಟ್ಬಿಡು," ಎಂದಳು. ಒಂದು ಸಲ ಅಲ್ಲ, ಎರಡು ಸಲ.

"ನಿಂಗೆ ಕಂಡೋರ ಮೇಲೆಲ್ಲ ಅನುಮಾನ," ಎಂದು ರೇಗಿದೆ.

ಒಂದು ಬೆಳಿಗ್ಗೆ ಪೊಲೀಸರು ಬಂದು ಇಬ್ಬರನ್ನೂ ಹಿಡಿದುಕೊಂಡು ಹೋದರು. ಹಿಂದಿನ ತಿಂಗಳು ಬೇರೆ ಊರಿನ ಬಸ್‌ಸ್ಟಾಂಡಿನಲ್ಲಿ ಬಾಂಬ್ ಸಿಡಿದು ಜನ ಸತ್ತಿದ್ದರು. ಆ ಕಸಿನ್ ನಮ್ಮ ಮಹಡಿಯಿಂದಲೇ ಹೋಗಿ ಅದನ್ನಿಟ್ಟು ಮತ್ತೆ ಇಲ್ಲಿಗೇ ಬಂದು ಮಲಗಿದ್ದನಂತೆ. ಇನ್ಸ್‌ಪೆಕ್ಟರ್ ಹಾಲ್‌ನಲ್ಲಿ ಕುಳಿತು, ಇವರು ಎಂಥವರೆಂದು ಗೊತ್ತಿತ್ತೇ ಎಂದು ನನ್ನನ್ನು ಕೇಳಿದರು.

"ಗೊತ್ತಿರ್ಲಿಲ್ಲ ಸಾರ್," ಎಂದೆ.

ಅವರು ಅಕ್ಕನ ಕಡೆ ತಿರುಗಿದರು. "ನಿಮಗೂ ಅನುಮಾನ ಬರ್ಲಿಲ್ವಾ ಅಮ್ಮ?"

ಅಕ್ಕ ನನ್ನ ಮುಖ ನೋಡಿದಳು. "ಇಲ್ಲ," ಎಂದಳು. ಅವಳು ನನಗಾಗಿ ಸುಳ್ಳು ಹೇಳಿದ್ದು ನಾನು ಕಂಡಂತೆ ಅದೊಂದೇ ಸಲ. ನಾಚಿಕೆಯಿಂದ ಸಾಯಬೇಕಿತ್ತು ನಾನು. ಅದರ ಬದಲು, "ಪೇಪರ್‌ನಲ್ಲಿ ನನ್ನ ಹೆಸರು ಬರುತ್ತಾ ಸಾರ್?" ಎಂದು ಕೇಳಿದೆ.

ಅವರು ಹೋದ ಮೇಲೆ ಅಕ್ಕ ಗೇಟು ಹಾಕಿ ಒಳಗೆ ಬಂದಳು.

"ಆ ಬಸ್‌ಸ್ಟಾಂಡಲ್ಲಿ ಸತ್ತೋರು ಯಾರು ಅಂತ ಕೇಳಿದ್ಯಾ?"

ಕೇಳಿರಲಿಲ್ಲ.

"ನಿನ್ನ ಭಾವ ಯಾರು ಅಂತಾನೂ ಆ ದೇಶದಲ್ಲಿ ಯಾರೂ ಕೇಳಿರಲ್ಲ ಬಿಡು," ಎಂದಳು.